ಹುಲಗಮ್ಮನ ಜಡಿ

ಭಾಗ್ಯನಗರ, ಕೊಪ್ಪಳ
9 ಜೂನ್ 2024

ತಂಗಿ ಹುಲಗಮ್ಮಗ,

ಇವತ್ತ ಐತವಾರ. ಉಂಡು ಅಡ್ಡಾದಾಗ ಒಂದು ಕೆಟ್ಟ ಕನಸು ಬಿತ್ತು. ಕನಸಿನಾಗ ನಿನಗ ಫೋನ್ ಹಚ್ಚಿದ್ದೆ. ನೀ ಎತ್ತಲಿಲ್ಲ, ನಿಮ್ಮ ಎಮ್ಮಿ ಎತ್ತಿತು. ನಗಬ್ಯಾಡ. ನಾನೂ ನಗಬೇಕಂತ ಮಾಡಿದ್ದೆ, ಆದ್ರ ಆ ಎಮ್ಮಿ ನಿನ್ನ ದನೀಲೆ "ಆರಾಮ ಅದೀನಕ್ಕ, ಎಲ್ಲಾ ಆರಾಮ" ಅಂದುಬಿಡ್ತು. ಎದ್ದು ಕುಂತೆ. ಮನಿಯವರಿಗೆ ಹೇಳಿದ್ರ, "ಎಮ್ಮಿ ಆರಾಮ ಐತಿ ಅಂದಮ್ಯಾಲೆ ಇನ್ನೇನ ಫಿಕೀರು ನಿನಗ?" ಅಂದು ಮತ್ತ ಮೊಬೈಲ್ ನೋಡಾಕ ಹತ್ತಿದ್ರು.

ನಿನ್ನ ಕೂಡ ಫೋನಿನಾಗ ಮಾತಾಡೂದು ಬ್ಯಾಡಾಗೇತಿ. ಹೋದ ಸಲ ನಿಮ್ಮತ್ತಿ ಶೇಖರಮ್ಮ ಫೋನ್ ತಮ್ಮ ಕೈಯಾಗ ಹಿಡಕೊಂಡು ಸ್ಪೀಕರ್ ಹಾಕಿ, "ಮಾತಾಡ್ರೆವಾ, ನಾ ಏನ ಕೇಳಂಗಿಲ್ಲ" ಅಂದ್ರು. ನೀ ಮೂರು ಸಲ ಆರಾಮ ಅಂದಿ. ಆರಾಮ ಇದ್ದಾಕಿ ಒಂದ ಸಲ ಅಂತಾಳ. ಅದಕ್ಕ ಈ ಕಾಗದ. ನಿಮ್ಮ ಓಣ್ಯಾಗ ಪಿನ್ನು, ಬಟ್ಟಲಾ ಕೊಟ್ಟು ಉದುರಿದ ಕೂದಲ ತಗೊಂಡು ಹೋಗೂ ದಾದೇಸಾಬ ನಾ ಗಂಟ ಬಿಡಿಸೂ ಕೆಲಸ ಮಾಡೂ ಗೋದಾಮಿಗೇ ಕೂದಲ ಹಾಕತಾನ. ಕಾಗದ ಒಯ್ತೀನಿ ಅಂದಾನ. ಅವಗ ಓದಾಕ ಬರೂದಿಲ್ಲ, ಅದೊಂದು ಛಲೋ. ನಾ ಏಳನೇತ್ತಕ್ಕ ಸಾಲಿ ಬಿಟ್ಟಾಕಿ, ತಪ್ಪು ಇದ್ರ ನೀನ ಸುಧಾರಿಸಿ ಓದಿಕೊ.

ನಮ್ಮ ಗೋದಾಮಿಗೆ ಸುಮಂಗಲಾ ಅಂತ ಒಬ್ರು ಮೇಡಂ ಬಂದಿದ್ರು. ದಬ್ಬಣ ಕೆಳಗ ಇಡ್ರಿ, ಕೂದಲ ಉಂಡಿ ಬಾಜೂಕ ಇಡ್ರಿ ಅಂತ ಹೇಳಿ ಎಲ್ಲಾರನ್ನೂ ಗುಂಡಗ ಕುಂಡ್ರಿಸಿದ್ರು. ಕೆಲಸದಾಗಿಂದು, ಮನಿಯಾಗಿಂದು ಒತ್ತಡ ಹೆಂಗ ಕಮ್ಮಿ ಮಾಡ್ಕೋಬೇಕು ಅಂತ ಪಾಠ. "ನಿಮಗೆಲ್ಲ ಒತ್ತಡ ಇದೆಯಾ?" ಅಂತ ಕೇಳಿದ್ರ ನನ್ನ ಬಾಜೂ ಕೂಡೂ ಖಾಜಾಬೀ ಎದ್ದು ನಿಂತು, "ಯಾವ್ದುರಿ ಮೇಡಂ, ಹೊಟ್ಟ್ಯಾಗಿಂದೋ ತಲ್ಯಾಗಿಂದೋ?" ಅಂದ್ಲು. ಎಲ್ಲಾರೂ ಬಿದ್ದು ಬಿದ್ದು ನಕ್ವಿ. ಆಮ್ಯಾಲೆ ಮೇಡಂ ಹೇಳಿದ್ದು ಕೇಳಿ ನನ್ನ ನಗು ನಿಂತಿತು. ಊಟ ಸೇರದು, ಸಣ್ಣ ಮಾತಿಗೆ ಅಳು, ಮಾಡಿದ ಕೆಲಸಾನ ಮತ್ತ ಮತ್ತ ನೋಡೂದು, ಇವೆಲ್ಲಾ ಒತ್ತಡದ ಗುರುತಂತ. ಕೀಲಿ ಹಾಕೀನೋ ಇಲ್ಲೋ ಅಂತ ಅರ್ಧ ದಾರಿಯಿಂದ ಮನಿಗೆ ಹೊಳ್ಳತೀನಲ್ಲ, ಅದಕ್ಕೂ ಒಂದು ಹೆಸರೈತಿ ಅಂತ ಗೊತ್ತಾಗಿ ನನಗ ಹೆದರಿಕಿ ಇನ್ನೂ ಜಾಸ್ತಿ ಆತು.

ಉಪಾಯ ಮಾತ್ರ ಭಾಳ ಸಸಾರ ಅದಾವು. ಕಣ್ಣ ಮುಚ್ಚಿ, ಸೆಟದು ಕುಂತು, ಮೂಗಿಲೆ ತುಂಬಾ ಉಸಿರ ಎಳಕೊಂಡು, ತಡದು, ಬಾಯಿಲೆ 'ಹೂಂ' ಅಂತ ಮೆಲ್ಲಕ ಬಿಡಬೇಕು. ಆಗದ ಕೆಲಸಕ್ಕ ಆಗೂದಿಲ್ಲ ಅಂತ ನಯವಾಗಿ ಹೇಳಬೇಕು. ಸಂಜೀಕ ಸ್ವಲ್ಪ ಅಡ್ಡಾಡಬೇಕು. ದಿನಾ ಒಂದೀಟು ಹೊತ್ತು ನಮಗಂತ ಇಟ್ಕೋಬೇಕು. ಮನಸಿನಾಗಿಂದು ನಂಬಿಗಿಯವರ ಮುಂದ ಹೇಳ್ಕೋಬೇಕು. ನಾ ಉಸಿರಿಂದು ಮಾಡಿದೆ. ತಡದಾಗ ಬಿಡೂದು ಮರತ್ರ ಹೆಂಗ ಅಂತ ಫಿಕೀರಾಗಿ ನಡಬರಕ ಬಿಟ್ಟೆ. ನೀ ನನ್ನಂಗ ಪುಕ್ಕಲಿ ಅಲ್ಲ, ನೀ ಮಾಡು. ಓದಿ ಒಲಿಗೆ ಹಾಕು.

ನಿನ್ನ ಅಕ್ಕ
ಹನುಮಂತಮ್ಮ


ನವಲಿ
28 ಜುಲೈ 2024

ಅಕ್ಕಗ,

ನಿನ್ನ ಕಾಗದ ಕೊಟ್ಟಿಗ್ಯಾಗ ಓದಿದೆ, ಎಮ್ಮಿ ಮುಂದನ. ಅದಕ್ಕ ಫೋನ್ ಬಂದದ್ದು ನೆನಪಿಲ್ಲಂತ.

ಕಾಲುವಿಗೆ ನೀರು ಬಿಟ್ಟಾರ, ನಾಟಿ ಹತ್ತೇತಿ. ಮುಂಜಾನೆ ರೊಟ್ಟಿ ಬಡದು, ಹೆಂಡಿ ಬಳದು, ಗದ್ದಿಗೆ ಇಳದು, ಸಂಜೀಕ ಬಂದು ಮತ್ತ ಒಲಿ ಮುಂದ. ಆಗೂದಿಲ್ಲ ಅಂತ ನಯವಾಗಿ ಹೇಳು ಅಂದಿ. ಹೇಳಿದೆ. ಆಳಿನವರಿಗೆಲ್ಲಾ ರೊಟ್ಟಿ ಮಾಡು ಅಂದ್ರು ಅತ್ತಿ. "ಇವತ್ತ ಆಗೂದಿಲ್ಲರಿ, ಜ್ವರ ಬಂದಾವು" ಅಂದೆ. "ನಿನಗ ಬಂದಾವು, ಹಿಟ್ಟಿಗೆ ಬಂದಿಲ್ಲಲ್ಲ, ನಾದು" ಅಂದ್ರು.

ಸಂಜೀಕ ಅಡ್ಡಾಡು ಅಂದಿ. ಕಾಲುವಿ ಏರಿ ಮ್ಯಾಲೆ ವಲಸಿ ರೈತರ ಕ್ಯಾಂಪಿನ ತನಕ ಹೋಗಿ ಬಂದೆ. ಗಾಳಿ ಛಲೋ ಇತ್ತು. ನಾ ಮನಿ ಮುಟ್ಟೂದರಾಗ ಸುದ್ದಿ ಮುಟ್ಟಿತ್ತು. "ಯಾರ ಹಾದಿ ಕಾಯಾಕ ಹೋಗಿದ್ದಿ?" ಅಂತ ಕಳಕೇಶ ಕೇಳಿದ. ಗಂಡ ಕೇಳತಾನ, ಹೇಳಬೇಕಲ್ಲ. "ಒತ್ತಡ ಕಮ್ಮಿ ಮಾಡ್ಕೊಳ್ಳಾಕ" ಅಂದೆ. ಬಾಯಿಲೆ ಕೇಳಿದ್ದು ಅಷ್ಟ. ಉಳಿದದ್ದು ಕೈಲೆ ಕೇಳಿದ.

ನಂಬಿಗಿಯವರ ಮುಂದ ಹೇಳ್ಕೊ ಅಂದಿ. ಈಗ ಹೇಳೀನಿ. ಹಗುರ ಆಗಿಲ್ಲ.

ವಾಣಿಶ್ರೀ ಒಂದನೇತ್ತಕ್ಕ ಹೊಕ್ಕಾಳ. ಸಾಲಿಗೆ ಹೋಗೂ ಮುಂದ "ಅವ್ವಾ ಅವ್ವಾ" ಅಂತ ಸೆರಗ ಬಿಡೂದಿಲ್ಲ. ಜಗ್ಗಿ ಬಿಡಿಸ್ಕೋಬೇಕು.

ಉಸಿರಾಡೂದಕ್ಕ ಮಾತ್ರ ಇಲ್ಲಿ ಯಾರೂ ಬ್ಯಾಡಂದಿಲ್ಲ. ಅದನ್ನ ಮಾಡಿ ನೋಡತೀನಿ.

ತಂಗಿ
ಹುಲಗಮ್ಮ


ಭಾಗ್ಯನಗರ
25 ಆಗಸ್ಟ್ 2024

ತಂಗಿ ಹುಲಗಮ್ಮಗ,

ನಿನ್ನ ಕಾಗದ ಬಂದಾಗಿಂದ ಅದನ್ನ ದಿನಾ ತೆಗದು ತೆಗದು ಓದತೀನಿ. ಕೈಲೆ ಕೇಳಿದ ಅಂತ ಬರದಿ, ಎಲ್ಲಿ ಅಂತ ಬರೀಲಿಲ್ಲ. ಮಾರಿಗೋ, ಬೆನ್ನಿಗೋ? ಕಿವಿಗೆ ಪೆಟ್ಟು ಬಿದ್ರ ಮುಂದ ಕೇಳೂದಿಲ್ಲ. ಮಲಗಿ ಏಳೂ ಮುಂದ ಕಿವಿಯಾಗ ಗುಂಯ್ ಅಂತೈತೇನು ಬರಿ.

ಅಡ್ಡಾಡು ಅಂತ ನಾನ ಹೇಳಿದ್ದೆ. ಮೇಡಂ ನೌಕರಿ ಮಾಡೂ ಹೆಣಮಕ್ಕಳಿಗೆ ಹೇಳಿದ ಮಾತು ಅದು. ನಾ ಯಾಕ ನಿನಗ ಬರದ್ನೋ.

ಇನ್ನೊಂದು ಮಾತು. ದಾದೇಸಾಬಗ, ನನ್ನ ತಂಗಿ ಹೆಂಗದಾಳ ಅಂತ ಕೇಳಿದ್ರ, "ಅದಾಳರಿ ಬೆಹೆನ್‌ಜೀ, ಆದ್ರ ಮೊದಲ ಪ್ರತಿ ಸಲ ಗ್ವಾಡಿ ಸಂದಿಯಾಗ ಸಿಗಿಸಿಟ್ಟ ಕೂದಲ ತಂದು ಕೊಟ್ಟು ಕೂಸಿಗೆ ರಿಬ್ಬನ್ ಇಸಕೊಳತಿದ್ಲು. ಈಗ ಕೂದಲಾನ ಕೊಡವಲ್ಲಳು" ಅಂದ. ಯಾಕ? ತಲಿ ಬಾಚವಲ್ಯೇನು? ಬಾಚಿಕೊಳ್ಳಾಕೂ ಹೊತ್ತಿಲ್ಲೇನು? ಹಂಗ ಬಿಟ್ರ ಗಂಟಾಕ್ಕಾವು. ನಿನ್ನ ಕೂದಲ ಎಷ್ಟು ದಪ್ಪ ಇದ್ವು ಅಂತ ಅವ್ವ ಎರಡೂ ಕೈಲೆ ಹಿಡದು ಹೆಣೀತಿದ್ಲು.

~~ಅಲ್ಲಿ ಇರಬ್ಯಾಡ. ವಾಣಿನ್ನ ಕರಕೊಂಡು ಇಲ್ಲಿಗೆ ಬಾ.~~

ಮ್ಯಾಲಿಂದು ಹೊಡದು ಹಾಕೀನಿ, ಓದಬ್ಯಾಡ. ನಮ್ಮದು ಒಂದ ಖೋಲಿ, ಇವರು ಏನಂತಾರೋ ಏನೋ. ಸಿಟ್ಟಿಗೇಳಬ್ಯಾಡ.

ಉಸಿರಿಂದು ಮಾಡು. ಅದರಿಂದ ಕೆಟ್ಟದ್ದೇನೂ ಆಗೂದಿಲ್ಲ.

ನಿನ್ನ ಅಕ್ಕ
ಹನುಮಂತಮ್ಮ


ನವಲಿ
20 ಅಕ್ಟೋಬರ್ 2024

ಅಕ್ಕಗ,

ಹೊಡದು ಹಾಕಿದ್ದನ್ನ ಓದಿದೆ. ಅದೊಂದ ಸಾಲು ಛಂದ ಬರದಿದ್ದಿ.

ಈಗ ಇಲ್ಲಿ ಆದದ್ದು ಕೇಳು. ಮಂಗಳವಾರ ಮಧ್ಯಾಹ್ನ ಕೊಟ್ಟಿಗ್ಯಾಗ ಗ್ವಾಡಿಗೆ ಮಾರಿ ಮಾಡಿ ಕುಂತಿದ್ದೆ. ತಲಿ ಬಿಚ್ಚಿತ್ತು. ನಿಮ್ಮ ಮೇಡಂ ಹೇಳಿದಂಗ ಉಸಿರ ಎಳಕೊಂಡೆ, ತಡದೆ, 'ಹೂಂ' ಅಂತ ಬಿಟ್ಟೆ. ಹಿಂದ ಧಡ್ ಅಂತ ಹೆಂಡಿ ಬುಟ್ಟಿ ಬಿದ್ದ ಸಪ್ಪಳ ಆತು. ಅತ್ತಿ. ಬೈಗುಳ ಬರತೈತಿ ಅಂತ ಕಾದ್ರ ಬರಲಿಲ್ಲ. ನೆಲಕ್ಕ ಕುಂತು, "ಯಾರವಾ ನೀನು? ಎಲ್ಲಿಂದ ಬಂದಿ?" ಅಂದ್ರು.

ನಾ ಕಣ್ಣ ತೆಗೀಲಿಲ್ಲ. ತೆಗದ್ರ ಭಾಂಡಿ ತಿಕ್ಕಬೇಕಿತ್ತು.

"ಹೇಳವಾ, ಯಾರು ನೀನು?" ಅಂತ ಮತ್ತ ಕೇಳಿದ್ರು. "ದಣದೀನಿ" ಅಂದೆ. ಖರೇ ಮಾತು ಅದು. ಅವರು ಎದ್ದು ಓಣಿ ತುಂಬಾ ಕೇಳೂ ಹಂಗ, "ಅಮ್ಮ ಬಂದಾಳ! ದಣದು ಬಂದಾಳ!" ಅಂತ ಕೂಗಿಬಿಟ್ರು.

ಈ ಮನಿಗೆ ಬಂದಾಗಿಂದ ನಾ ಎಷ್ಟು ಸಲ ದಣದೀನಿ ಅಂದೀನೋ ಲೆಕ್ಕಿಲ್ಲ. ಒಬ್ರೂ ಕೇಳಿರಲಿಲ್ಲ. ಆವತ್ತ ಒಬ್ರು ಮಜ್ಜಿಗಿ ತಂದ್ರು, ಒಬ್ರು ಬೀಸಣಿಕಿ ತಂದ್ರು. ಕಳಕೇಶ ಗದ್ದಿಯಿಂದ ಓಡಿ ಬಂದು ಕೆಸರಗಾಲಿಲೇ ಕೈ ಮುಗದು ನಿಂತ. ಅವನ ಎರಡೂ ಕೈ ಹಂಗ ಕೂಡಿದ್ದನ್ನ ಲಗ್ನದ ದಿನ ನೋಡಿದ್ದು ಬಿಟ್ರ ಆವತ್ತ ನೋಡಿದೆ.

ಆಮ್ಯಾಲೆ ಅತ್ತಿ ನನ್ನ ತಲಿ ಮ್ಯಾಲೆ ಭಂಡಾರದ ಅರಿಷಿಣ ಹಾಕೂ ಮುಂದ ಹಿಂದ ಕೈ ಹತ್ತಿ ನಿಂತುಬಿಟ್ರು. ಅಲ್ಲಿ ಕೂದಲು ಗಂಟಾಗಿ ಹೆಟ್ಟಿ ಕಟ್ಟಿತ್ತು. "ಜಡಿ! ಜಡಿ ಬಂದೈತಿ!" ಅಂದ್ರು. ಜಡಿ ಬಂದ ತಲಿ ಅಮ್ಮಂದು. ಬಾಚಣಿಕಿ ಹಚ್ಚಬಾರದು, ಕತ್ತರಿ ಹಚ್ಚಬಾರದು, ಯಾರೂ ಕೈ ಹಚ್ಚಬಾರದು. ನಿನಗ ಗೊತ್ತೈತಿ. "ದೇವಿ ಹೆಸರ ಇಟ್ಕೊಂಡಾಕಿ, ಹೆಸರಿನಾಗ ಮೊದಲಿಂದ ಅಮ್ಮ ಇದ್ಲು, ನಮಗ ತಿಳೀಲಿಲ್ಲ" ಅಂತ ಈಗ ಓಣ್ಯಾಗ ಮಾತು.

ಮಂಗಳವಾರ, ಶುಕ್ರವಾರ ನನಗ ಕೆಲಸ ಹಚ್ಚೂದಿಲ್ಲ. ನಮಗಂತ ಹೊತ್ತು ಇಟ್ಕೋಬೇಕು ಅಂತ ಬರದಿದ್ದಿ. ಇಟ್ಕೊಂಡೀನಿ.

ಹುಲಗಮ್ಮ


ಭಾಗ್ಯನಗರ
10 ನವೆಂಬರ್ 2024

ತಂಗಿ,

ಅದು ಅಮ್ಮ ಅಲ್ಲ! ಅದು ಸುಮಂಗಲಾ ಮೇಡಂ! ಬಾಯಿ ಬಿಟ್ಟು ಹೇಳು. ಇದು ಉಸಿರಿನ ವ್ಯಾಯಾಮರಿ, ಕೊಪ್ಪಳದಾಗ ಎಲ್ಲಾರೂ ಮಾಡತಾರ್ರಿ ಅಂತ ಹೇಳು. ಬೇಕಾದ್ರ ನಾ ಬಂದು ಅವರ ಮುಂದ ಮಾಡಿ ತೋರಸ್ತೀನಿ.

ಮೇಡಂ ಮತ್ತ ಬಂದಿದ್ರು. ನಿನ್ನ ಹೆಸರ ಎತ್ತದ, "ಮೇಡಂ, ಉಸಿರಿಂದು ಮಾಡಿದ್ರ ಬ್ಯಾರೆ ಏನಾರ ಬರತೈತೇನ್ರಿ?" ಅಂತ ಕೇಳಿದೆ. "ಶಾಂತಿ ಬರುತ್ತೆ" ಅಂದ್ರು. ಖಾಜಾಬೀ ಬಾಜೂದಾಗಿಂದ, "ಶಾಂತಿ ಬಂದ್ರ ಆಕೀಗೂ ಚಾ ಮಾಡಬೇಕಲ್ರಿ" ಅಂದ್ಲು. ಎಲ್ಲಾರೂ ನಕ್ರು. ನನಗ ಕಣ್ಣಾಗ ನೀರ ಬಂತು, ಕೂದಲ ಧೂಳ ಬಿತ್ತು ಅಂದೆ.

ನಿನಗ ಈಗ ಹಿತ ಅನಸತೈತಿ. ಮುಂದಿಂದು ನೋಡು. ಜಡಿ ಬಂದಾಕಿ ಗಂಡಗ ಸಂಸಾರಕ್ಕ ಬರೂದಿಲ್ಲ ಅಂತ ಹಿರ್ಯಾರು ಕುಂದರತಾರ. ಅಡಗಿಮನಿಗೆ ಬರಬ್ಯಾಡ ಅಂತಾರ, ಹೊರಗಿನ ಖೋಲ್ಯಾಗ ಇರು ಅಂತಾರ. ಅವಗ ಬ್ಯಾರೆ ಹೆಣ್ಣು ನೋಡತಾರ. ವಾಣಿ ಗತಿ ಏನು?

ಜಡಿ ಅಂದ್ರ ಏನವಾ? ಬಾಚದ ಬಿಟ್ಟ ಕೂದಲು. ಯಾರ್ಯಾರದೋ ಉದುರಿದ ಕೂದಲ ಉಂಡಿ ದಿನಾ ದಬ್ಬಣಲೆ ಬಿಡಿಸಿ ಬಿಡಿಸಿ ನನ್ನ ಬೆರಳಿನ ತುದಿ ಬಿರಸಾಗ್ಯಾವು. ನಿನ್ನ ತಲೀದು ಒಂದು ಹೊತ್ತಿನ ಕೆಲಸ. ರಜಾ ಕೇಳಿ ಬರತೀನಿ. ಬಿಡಿಸಿ, ಎಣ್ಣಿ ಹಚ್ಚಿ, ಎರಡು ಹೆಳಲ ಹಾಕಿ ಬರತೀನಿ. ಎಲ್ಲಾ ಮುಗೀತೈತಿ.

ಅಕ್ಕ
ಹನುಮಂತಮ್ಮ


ನವಲಿ
15 ಡಿಸೆಂಬರ್ 2024

ಅಕ್ಕಗ,

ಬರಬ್ಯಾಡ ಅಂತ ಬರೀಬೇಕಂತ ಕುಂತಿದ್ದೆ. ಅಷ್ಟರಾಗ ಅವರ ನಿನ್ನ ಕರಸಾಕ ಹತ್ಯಾರ.

ಕಳಕೇಶಗ ಸಂಶೆ ಬಂದೈತಿ. ಎಮ್ಮಿ ಹಿಂಡಾಕ ಅವನ ಕುಂದ್ರಬೇಕಾಗೇತಲ್ಲ, ಅದಕ್ಕ. "ಇಕಿ ನಾಟಕ ಮಾಡತಾಳ" ಅಂತ ಕಟ್ಟಿ ಮ್ಯಾಲೆ ಅಂದಾನ. ಅತ್ತಿ ಅತ್ತು ಕರದು ಹಿರ್ಯಾರನ್ನ ಕೂಡಿಸಿದ್ರು. ಅವರೊಳಗ ಒಬ್ಬ ಮುದುಕ ಹೇಳಿದ, "ಇಕಿ ಅಕ್ಕ ಭಾಗ್ಯನಗರದಾಗ ಕೂದಲ ಬಿಡಸಾಕಿ. ಕರಸ್ರಿ. ಆಕಿ ಕೈಲೆ ಬಿಚ್ಚಿತು ಅಂದ್ರ ಅದು ಕೂದಲು. ಬಿಚ್ಚಲಿಲ್ಲ ಅಂದ್ರ ಅಮ್ಮ." ಎಲ್ಲಾರೂ ಕಬೂಲ್ ಆದ್ರು. ಸಂಕ್ರಾಂತಿ ಮುಂದ ಕರಸ್ತಾರ.

ಬಿಚ್ಚಿದ್ರ ಏನು ಅಂತ ಕಳಕೇಶ ಎಲ್ಲಾರ ಮುಂದ ಹೇಳ್ಯಾನ. "ಅಮ್ಮನ ಹೆಸರಿಲೆ ಆಟ ಆಡಿದಾಕಿನ್ನ ಕಾಲುವಿಗೆ ಬಿಡತೀನಿ." ಯಾರೂ ಅವನ ಬಾಯಿ ಮುಚ್ಚಲಿಲ್ಲ. ಬಿಚ್ಚದಿದ್ರ ನೀ ಬರದಂಗ, ಹೊರಗಿನ ಖೋಲಿ. ವಾಣಿ ಸುದ್ದಿ ಯಾರೂ ಎತ್ತಿಲ್ಲ. ನಾನೂ ಕೇಳಿಲ್ಲ.

ನಿನ್ನ ಕೈ ಭಾಳ ಚುರುಕು ಅಂತ ಸಣ್ಣಾಕಿದ್ದಾಗಿಂದ ಗೊತ್ತೈತಿ. ಅದ ಈಗ ನನಗ ಹೆದರಿಕಿ.

ಹುಲಗಮ್ಮ


ಭಾಗ್ಯನಗರ
19 ಜನವರಿ 2025

ಹುಲಗಿ,

ಬಸ್ಸು ಗಂಗಾವತಿ ದಾಟೂ ತನಕ ಹಿಂದ ಯಾರಾರ ಬರತಾರೇನಂತ ಹೊಳ್ಳಿ ಹೊಳ್ಳಿ ನೋಡಿದೆ. ನಿಮ್ಮ ಮನಿಯಾಗ ಅಷ್ಟು ಮಂದಿ ಮುಂದ ನಿನ್ನ ಕೂಡ ಒಂದು ಮಾತೂ ಆಡಾಕ ಆಗಲಿಲ್ಲ. ಅದಕ್ಕ ಬರಿಯಾಕ ಹತ್ತೀನಿ. ಇದನ್ನ ಓದಿದ ಕೂಡಲೆ ಒಲಿಗೆ ಹಾಕು. ಹಾಕಿ, ಸುಟ್ಟೈತೇನಂತ ನೋಡು.

ನಾ ಬಿಚ್ಚಾಕನ ಬಂದಿದ್ದೆ. ಕಳಕೇಶ ಏನೂ ಮಾಡೂದಿಲ್ಲ, ಸಿಟ್ಟಿನಾಗ ಅಂದ ಮಾತು, ಗಂಡ ಹೆಂಡತಿ ಅಂದಮ್ಯಾಲೆ ಇದ್ದದ್ದ, ಅಂತ ಬಸ್ಸಿನಾಗ ಬರೂ ಮುಂದ ನನಗ ನಾನ ಹೇಳ್ಕೊಂಡು ಬಂದಿದ್ದೆ. ನೀ ನನ್ನ ಕಡಿ ಮಾರಿ ಮಾಡಿ ಕುಂತು ತಲಿ ನನ್ನ ತೊಡಿ ಮ್ಯಾಲೆ ಬಾಗಿಸಿದಿ. ನಾ ದಬ್ಬಣ ಹಾಕಿದೆ. ಒಂದು ಎಳಿ ಬಿಟ್ಟಿತು, ಎರಡನೇದು ಬಿಟ್ಟಿತು. ಆವಾಗ ತಿಳೀತು.

ತಾನ ಆದ ಗಂಟಿನಾಗ ಎಳಿ ದಿಕ್ಕೆಟ್ಟು ಓಡಿರತಾವು. ನಿನ್ನ ಜಡಿಯಾಗ ಎಲ್ಲಾವೂ ಒಂದ ಕಡಿಗೆ ಹೊಳ್ಳಿದ್ವು. ಬತ್ತಿ ಹೊಸೆದಂಗ. ಒಳಗ ಬೇವಿನ ಅಂಟಿತ್ತು. ಅದನ್ನ ಯಾರೋ ಕುಂತು ಮಾಡಿದ್ದು. ನೀ ಕಣ್ಣ ತೆಗದು ನನ್ನ ನೋಡಿದಿ.

ನನಗ ಸಿಟ್ಟು ಬಂತು. ಖರೇ ಹೇಳತೀನಿ, ಬಂತು. ಸಂಸಾರ ಬಿಟ್ಟು ಆರಾಮ ಕುಂದ್ರಬೇಕಂತ ಹಿಂಗ ಮಾಡ್ಯಾಳಲ್ಲ, ಹೆತ್ತ ಮಗಳು ನೆನಪಾಗಲಿಲ್ಲೇನು ಅಂತ ಇನ್ನೂ ಜೋರ ದಬ್ಬಣ ಹಾಕಿದೆ. ಒಂದು ಹೆಟ್ಟಿ ಮ್ಯಾಲೆ ಎದ್ದಿತು. ಕೆಳಗ ನೋಡಿದೆ. ಅಲ್ಲಿ ಕೂದಲ ಇರಲಿಲ್ಲ. ಅಂಗೈಯಷ್ಟು ಜಾಗ, ಬೋಳು. ಬಾಚಿದ್ದಕ್ಕ ಉದುರಿದ್ದಲ್ಲ. ಬುಡ ಸಮೇತ ಕಿತ್ತದ್ದು. ಒಂದು ಕಡಿ ಇನ್ನೂ ಹಸಿ ಕೆಂಪು ಇತ್ತು.

ಎಲ್ಲಿ ಅಂತ ಬರಿ ಅಂತ ನಿನಗ ಕೇಳಿದ್ದೆ. ನೀ ಬರದಿರಲಿಲ್ಲ.

ಅವನು ಬಾಗಿಲದಾಗ ನಿಂತಿದ್ದ. ಅವನ ಕೈ ನೋಡಿದೆ. ಜಡಿ ಬಂದ ತಲಿಗೆ ಯಾರೂ ಕೈ ಹಚ್ಚಬಾರದು ಅಂತ ನೀನ ಬರದಿದ್ದಿ, ಓದಿ ಮುಂದ ಹೋಗಿದ್ದೆ ನಾನು. ಆವಾಗ ಅರ್ಥ ಆತು.

ಆಮ್ಯಾಲೆ ಮಾಡಿದ್ದು ನನ್ನ ಕೈ ಮಾಡಿದ್ದು. ಬಿಚ್ಚಿದಂಗ ಮಾಡಿ, ಬಿಚ್ಚಿದ್ದನ್ನೆಲ್ಲಾ ತಿರುಗಿ ಸುತ್ತಿದೆ. ಶೇಖರಮ್ಮ ಮಾರಿಗೆ ಮಾರಿ ಹಚ್ಚಿ ನೋಡತಿದ್ರು, ಅವರಿಗೆ ತಿಳೀಲಿಲ್ಲ. ಬಿಡಿಸೂದೂ ಸುತ್ತೂದೂ ನೋಡಾಕ ಒಂದ ನಮೂನಿ ಇರತಾವು. ಕಡೀಕ ದಬ್ಬಣ ನೆಲಕ್ಕ ಒತ್ತಿ ಮುರದೆ. "ಇದು ನನ್ನ ಕೈಲೆ ಆಗೂದಿಲ್ಲರಿ. ಇದು ಕೂದಲಲ್ಲ" ಅಂದೆ. ಕಳಕೇಶ ನೆಲಕ್ಕ ಹಣಿ ಹಚ್ಚಿ ಅಡ್ಡಬಿದ್ದ. ಆಗೂದಿಲ್ಲ ಅಂತ ನನ್ನ ಬದುಕಿನಾಗ ಮೊದಲನೇ ಸಲ ಅಂದದ್ದು, ಅದೂ ಸುಳ್ಳು, ಅದೂ ಅಮ್ಮನ ಮುಂದ. ಆಕಿ ನನಗೇನ ಮಾಡತಾಳೋ. ಮೊನ್ನೆಯಿಂದ ಎಡಗಣ್ಣ ಅದರಾಕ ಹತ್ತೇತಿ.

ಒಂದು ಮಾತು ನೆನಪಿಡು. ನಿನ್ನ ಬಲಗಿವಿ ಹಿಂದ ಒಂದು ತುದಿ ಬಿಟ್ಟೀನಿ. ಎಂದಾರ ಈ ಜಡಿ ಬ್ಯಾಡಾತು ಅಂದ್ರ ಎಣ್ಣಿ ಹಚ್ಚಿ ಆ ತುದಿ ಹಿಡದು ಜಗ್ಗು. ನಾ ಸುತ್ತಿದ್ದು ಸಡಲತೈತಿ, ಅದರ ಹಿಂದ ಉಳಿದದ್ದೂ ಬರತೈತಿ. ಪೂರಾ ತುದಿ ಮುಚ್ಚಿ ಗಂಟು ಹಾಕಾಕ ನನಗ ಮನಸ ಬರಲಿಲ್ಲ.

ಅಕ್ಕ


ನವಲಿ
23 ಮಾರ್ಚ್ 2025

ಅಕ್ಕಗ,

ಕಾಗದ ಸುಟ್ಟೀನಿ. ಬೂದೀನೂ ನೋಡೀನಿ. ಇನ್ನ ಆ ಫಿಕೀರ ಬಿಡು.

ನಿಮ್ಮ ಮೇಡಂಗ ಹೇಳು, ಅವರ ಪಾಠ ಪೂರಾ ನಡದೈತಿ. ಹೊರಗಿನ ಖೋಲ್ಯಾಗ ಅದೀನಿ. ಹೊತ್ತಿಗೆ ಸರಿಯಾಗಿ ಊಟ ಬರತೈತಿ, ನಿದ್ದಿ ಬರತೈತಿ. ಆಗೂದಿಲ್ಲ ಅಂದ್ರ ಕೈ ಮುಗೀತಾರ. ಸಂಜೀಕ ಕಾಲುವಿ ಏರಿ ಮ್ಯಾಲೆ ಅಡ್ಡಾಡತೀನಿ, ಮಂದಿ ಚಪ್ಪಲಿ ಬಿಟ್ಟು ಬಾಜೂಕ ನಿಲ್ಲತಾರ. ಸುತ್ತಲ ಊರಿಂದ ಹೆಣಮಕ್ಕಳು ಬರತಾರ. ಏನ ಕೇಳಾಕ ಬಂದಿರಿ ಅಂದ್ರ ಏನೂ ಕೇಳೂದಿಲ್ಲ, ಕುಂತು ಅಳತಾರ. "ದಣದಿ, ಕುಂದ್ರು" ಅಂತೀನಿ. ಬ್ಯಾರೆ ಏನೂ ಅನ್ನೂದಿಲ್ಲ. ಹೊಳ್ಳಿ ಹೋಗೂ ಮುಂದ ಕಾಲ ಹಿಡೀತಾರ.

ಯುಗಾದಿ ಆದಮ್ಯಾಲೆ ಕಳಕೇಶಗ ಲಗ್ನ. ಹುಡುಗಿ ಯಲಬುರ್ಗಾ ಕಡೆಯಾಕಿ, ದ್ರಾಕ್ಷಾಯಿಣಿ ಅಂತ. ಆಶೀರ್ವಾದ ಮಾಡು ಅಂತ ಮನಿಯವರು ನನ್ನ ಮುಂದ ಕರಕೊಂಡು ಬಂದಿದ್ರು. ಬಗ್ಗಿದಾಗ ಆಕಿ ಹೆಳಲು ನೆಲಕ್ಕ ಹತ್ತಿತು. ಅಷ್ಟುದ್ದ. ಕಳಕೇಶನ ಕೈ ನೆನಪಾತು. ಏನಾರ ಹೇಳಬೇಕು ಅನಿಸಿತು. ಭಂಡಾರ ಹಚ್ಚಿ ಕಳಿಸಿದೆ.

ವಾಣಿ ಅತ್ತೀ ಮಗ್ಗಲದಾಗ ಮಲಗತಾಳ. ಅಮ್ಮನ ಖೋಲ್ಯಾಗ ಕೂಸು ಮಲಗಬಾರದಂತ. ಮುಂಜಾನೆ ಸಾಲಿಗೆ ಹೋಗೂ ಮುಂದ ಬಂದು ಹೊಸ್ತಿಲಾಚೆ ನಿಂತು ಕೈ ಮುಗದು ಹೋಗತಾಳ. ಮೊನ್ನೆ ಕೂಸಿಗೆ ಜ್ವರ ಬಂದಿತ್ತು. ಒಳಗಿಂದ ಅಳೂ ದನಿ ಕೇಳಿ ಎದ್ದು ಓಡಿದೆ. ನಡಬರಕ ಅತ್ತಿ ಅಡ್ಡ ಬಂದು, "ತಾಯಿ, ನೀ ಇಲ್ಲೆ ಇರು, ಅಲ್ಲಿಂದನ ಹರಸು" ಅಂದ್ರು. ವಾಣಿ ನನ್ನ ನೋಡಿ "ಅವ್" ಅಂತ ಬಾಯಿ ತೆಗದ್ಲು. ಅಜ್ಜಿ ಮಾರಿ ನೋಡಿದ್ಲು. "ಅಮ್ಮಾ" ಅಂದ್ಲು.

ಕಲಿಸ್ಯಾರ. ಅವ್ವ ಅನ್ನಬಾರದಂತ.

ಬಲಗಿವಿ ಹಿಂದ ನೋಡಿದೆ. ತುದಿ ಯಾವುದೂ ಸಿಗಲಿಲ್ಲ. ಸುಮ್ಮಕ ನನ್ನ ಸಮಾಧಾನಕ್ಕ ಬರದಿ ಅನಸತೈತಿ. ಇರಲಿ.

ಹುಲಗಮ್ಮ


ಭಾಗ್ಯನಗರ
13 ಏಪ್ರಿಲ್ 2025

ತಂಗಿ ಹುಲಗಮ್ಮಗ,

ನಿನ್ನ ಕಾಗದ ಬಂದ ದಿನಾನ ಸುಮಂಗಲಾ ಮೇಡಂ ಬಂದಿದ್ರು. ಕಡೀ ಪಾಠ ಅಂತ. "ಇದರಿಂದ ಯಾರಿಗೆ ಉಪಯೋಗ ಆಯ್ತು, ಕೈ ಎತ್ತಿ" ಅಂದ್ರು. ಯಾರೂ ಎತ್ತಲಿಲ್ಲ. ಪಾಪ, ಅವರ ಮಾರಿ ಸಣ್ಣಾತು. ನನಗ ತಡಕೊಳ್ಳಾಕ ಆಗಲಿಲ್ಲ, ನಾ ಎತ್ತಿದೆ. "ನನ್ನ ತಂಗೀಗೆ ಆಗೈತ್ರಿ" ಅಂದೆ. "ಏನು ಬದಲಾವಣೆ ಆಯ್ತು?" ಅಂತ ಕೇಳಿದ್ರು. "ಈಗ ಯಾರೂ ಹೊಡೆಯೂದಿಲ್ಲರಿ" ಅಂದೆ. ಎಲ್ಲಾರೂ ಚಪ್ಪಾಳಿ ಹೊಡದ್ರು. ಖಾಜಾಬೀ ಮಾತ್ರ ಹೊಡೀಲಿಲ್ಲ, ನನ್ನ ಮಾರಿ ನೋಡಿದ್ಲು.

ನಮ್ಮ ಮನಿಯವರ ಮುಂದ ಎಲ್ಲಾ ಹೇಳೀನಿ. ಕೇಳತ ಕೇಳತ ಮೊಬೈಲ್ ಬಾಜೂಕ ಇಟ್ರು. ಆಮ್ಯಾಲೆ, "ಕೂಸನ್ನ ಅವರು ಬಿಡತಾರೇನು?" ಅಂದ್ರು. ಬ್ಯಾಡ ಅನ್ನಲಿಲ್ಲ. ಅದಕ್ಕ ಬರೀತೀನಿ: ವಾಣಿನ್ನ ಕರಕೊಂಡು ಇಲ್ಲಿಗೆ ಬಾ. ಖೋಲಿ ಸಣ್ಣದು ಐತಿ. ಮಂದಿ ಏನ ಅಂತಾರಂತ ನನಗ ಈಗಿಂದನ ಫಿಕೀರ ಹತ್ತೇತಿ. ಜಡಿ ಹೊತ್ತು ಬಂದ್ರ ಊರು ನಿನ್ನ ಬಿಡೂದಿಲ್ಲ, ಹುಡುಕಿಕೊಂಡು ಬರತಾರ. ಜಡಿ ಬಿಚ್ಚಿ ಬಂದ್ರ ಕಳಕೇಶ ಬಿಡೂದಿಲ್ಲ. ಎರಡೂ ಗೊತ್ತೈತಿ. ಎರಡೂ ದಿನಾ ನೆನಸ್ತೀನಿ. ಯಾವುದಕ್ಕೂ ಉಪಾಯ ಹೊಳೆದಿಲ್ಲ. ಆದ್ರ ಕೂಸು ಅರ್ಧಾ ಅವ್ವ ಅಂದು ನಿಂತೈತಿ, ಅದು ಪೂರಾ ಮರೆಯೂದರಾಗ ಏನಾರ ಮಾಡಬೇಕು.

ನಾ ಸುಳ್ಳ ಬರದಿಲ್ಲ. ತುದಿ ಬಿಟ್ಟೀನಿ. ನೀ ಸಿಗಲಿಲ್ಲ ಅಂತ ಬರದಾಗಿಂದ ಗೋದಾಮಿನ್ಯಾಗ ಕುಂತು ಕೈ ಸುಮ್ಮಕ ಆಡಿಸಿ ಆಡಿಸಿ ನೆನಪ ಮಾಡ್ಕೊಂಡೀನಿ. ನನ್ನ ಬಲಗೈಲೆ, ನನ್ನ ಬಲಕ್ಕ ಬಿಟ್ಟೆ. ನೀ ನನ್ನ ಕಡಿ ಮಾರಿ ಮಾಡಿದ್ದಿ. ನನ್ನ ಬಲ ಅಂದ್ರ ನಿನ್ನ ಎಡ ಆಗಬೇಕಲ್ಲ? ನಾ ಏಳನೇತ್ತಾ ಕಲತಾಕಿ, ಬಲ ಅಂತ ಬರದುಬಿಟ್ಟೀನಿ.

ಎಡಗಿವಿ ಹಿಂದ ನೋಡು. ಎಲುಬಿನ ಕೆಳಗ, ಉಗುರಿನಷ್ಟು ತುದಿ. ಅಂಟು ಹತ್ತಿ ಬಿರಸಾಗಿರತೈತಿ, ಒಮ್ಮೆ ಮುಟ್ಟಿದ್ರ ತಿಳೀಲಿಕ್ಕಿಲ್ಲ. ಬೆರಳ ಒದ್ದಿ ಮಾಡ್ಕೊಂಡು ಮೆಲ್ಲಕ ಆಡಿಸು. ಜಗ್ಗಬ್ಯಾಡ. ಜಗ್ಗೂದು ಬಿಡೂದು ಆಮ್ಯಾಲಿನ ಮಾತು. ಐತೋ ಇಲ್ಲೋ ಅಷ್ಟ ಇನ್ನೊಮ್ಮೆ ನೋಡಿ ಬರಿ.

ನಿನ್ನ ಅಕ್ಕ
ಹನುಮಂತಮ್ಮ